ಗ್ರಹಾಂ, ಲ್ಯಾರಿ

ಗ್ರಹಾಂ, ಲ್ಯಾರಿ: 1946- . ಅಮೆರಿಕದ ಬೇಸ್ ಗಿಟಾರ್ ವಾದಕ, ಗಾಯಕ, ಗೀತರಚನಕಾರ. ತಂತಿಯನ್ನು ಹೆಬ್ಬೆರಳಿನಿಂದ ಹೊಡೆದು, ಇನ್ನೊಂದು ಬೆರಳಿನಿಂದ ಎಳೆದು ಚಿಮ್ಮಿಸುವ 'ಸ್ಲ್ಯಾಪ್' ವಾದನವನ್ನು ಬೇಸ್ ಗಿಟಾರಿನಲ್ಲಿ ನೆಲೆಗೊಳಿಸಿದವ. ಹುಟ್ಟಿದ್ದು 1946ರ ಆಗಸ್ಟ್ 14ರಂದು ಟೆಕ್ಸಾಸ್ ರಾಜ್ಯದ ಬೋಮಾಂಟ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ.

ಈತ ಬೆಳೆಯುತ್ತಿದ್ದ ಕಾಲಕ್ಕೆ ಬೇಸ್ ಗಿಟಾರ್ ಇನ್ನೂ ಎಳೆಯ ವಾದ್ಯ. ಲಿಯೊ ಫೆಂಡರ್‌ನ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದದ್ದು 1951ರಲ್ಲಿ. ಮೋಟೌನ್ ಧ್ವನಿಮುದ್ರಣ ಕಂಪನಿಯ ಜೇಮ್ಸ್ ಜೇಮರ್‌ಸನ್ 1960ರ ದಶಕದಲ್ಲಿ ಒಂದೇ ತೋರುಬೆರಳಿನಿಂದ ಅದರಲ್ಲಿ ಅದ್ಭುತಗಳನ್ನು ಸಾಧಿಸಿದ್ದ. ಆದರೂ ಬಹುಪಾಲು ತಂಡಗಳಲ್ಲಿ ಬೇಸ್ ವಾದಕನ ಕೆಲಸ ಹಿಂದೆ ನಿಂತು ಹಾಡಿಗೆ ತಳಪಾಯ ಹಾಕುವುದಷ್ಟೇ ಆಗಿತ್ತು. ಆಳೆತ್ತರದ ಡಬಲ್ ಬೇಸಿನ ತಂತಿಯನ್ನು ಎಳೆದು ಫಲಕಕ್ಕೆ ಬಡಿಯುವ ವರಸೆ ನ್ಯೂ ಆರ್ಲಿಯನ್ಸ್‌ನ ಆರಂಭದ ಜಾಸ್‌ನಲ್ಲಿಯೂ 1950ರ ದಶಕದ ರಾಕಬಿಲಿಯಲ್ಲಿಯೂ ಇತ್ತು. ಗ್ರಹಾಂನ ಶೈಲಿ ಅದರದೇ ಮುಂದುವರಿಕೆ ಎನ್ನುವವರಿದ್ದಾರೆ. ಅದು ಹುಟ್ಟಿದ ಸಂದರ್ಭವನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ.

ತಾಯಿ ಡೆಲ್ ಗ್ರಹಾಂ ಕ್ಲಬ್ಬುಗಳಲ್ಲಿ ಪಿಯಾನೊ ನುಡಿಸಿ ಹಾಡುತ್ತಿದ್ದವಳು. ಹದಿಹರೆಯದಲ್ಲೇ ಮಗ ಆಕೆಯ ತಂಡ ಸೇರಿದ. ಅವನ ವಾದ್ಯ ಗಿಟಾರ್; ಶಾಲೆಯ ದಿನಗಳಲ್ಲಿ ಡ್ರಮ್ ಕೂಡ ಬಾರಿಸಿದ್ದ. ಒಂದು ಕ್ಲಬ್ಬಿನಲ್ಲಿ ಆರ್ಗನ್ ಇತ್ತು. ಕಾಲಿನಿಂದ ಅದರ ಪೆಡಲುಗಳನ್ನು ಒತ್ತಿ ಮಂದ್ರಸ್ವರ ಹೊರಡಿಸುತ್ತ, ಕೈಯಲ್ಲಿ ಗಿಟಾರ್ ನುಡಿಸುತ್ತ, ಜೊತೆಗೆ ಹಾಡುತ್ತಿದ್ದ. ಆರ್ಗನ್ ಕೆಟ್ಟಿತು. ಮಂದ್ರಸ್ವರವಿಲ್ಲದೆ ಸಂಗೀತ ಪೊಳ್ಳೆನಿಸಿತು. ಅದು ದುರಸ್ತಿಯಾಗುವವರೆಗೆ ಸಾಕೆಂದು ಸೇಂಟ್ ಜಾರ್ಜ್ ಎಂಬ ತಯಾರಿಕೆಯ ಬೇಸ್ ಗಿಟಾರೊಂದನ್ನು ಬಾಡಿಗೆಗೆ ತಂದ. ಆರ್ಗನ್ ದುರಸ್ತಿಯಾಗಲೇ ಇಲ್ಲ.

ಆಮೇಲೆ ಡ್ರಮ್ಮರ್ ಕೂಡ ಇಲ್ಲವಾದ. ತಂಡದಲ್ಲಿ ಉಳಿದವರು ತಾಯಿ, ಮಗ ಇಬ್ಬರೇ. ಇಲ್ಲದ ಡ್ರಮ್ಮಿನ ಜಾಗ ತುಂಬಲು ಗ್ರಹಾಂ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಬಡಿದ. ಅದು ಬೇಸ್ ಡ್ರಮ್ಮಿನ ಪೆಟ್ಟಾಯಿತು. ಸಪೂರ ತಂತಿಯನ್ನು ಬೆರಳಿನಿಂದ ಎಳೆದು ಚಿಮ್ಮಿಸಿದ. ಅದು ಸ್ನೇರ್ ಡ್ರಮ್ಮಿನ ಚಟಾರ್ ಸದ್ದಾಯಿತು. ಮೃದಂಗದ ಎಡ ಬಲಗಳಂತೆ ಎರಡೂ ಒಂದೇ ಕೈಯಲ್ಲಿ ಕೂಡಿಕೊಂಡವು. ತಾನು ಬೇಸ್ ವಾದಕನಾಗುವವನಲ್ಲ ಎಂದುಕೊಂಡಿದ್ದರಿಂದ ಆ ವಾದ್ಯವನ್ನು 'ಸರಿಯಾಗಿ' ನುಡಿಸುವುದು ಹೇಗೆಂದು ಆತ ತಲೆಕೆಡಿಸಿಕೊಳ್ಳಲಿಲ್ಲ. ಕಲಿಸುವ ಗುರುವೊಬ್ಬ ಇದ್ದಿದ್ದರೆ ಮೊದಲ ದಿನವೇ ಆ ಹೆಬ್ಬೆರಳನ್ನು ತಿದ್ದಿಬಿಡುತ್ತಿದ್ದನೋ ಏನೋ.

ಸ್ಲೈ ಸ್ಟೋನ್ ಆಗ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಹೆಸರಾಂತ ರೇಡಿಯೊ ಡಿಸ್ಕ್ ಜಾಕಿ. ಕ್ಲಬ್ಬಿಗೆ ಬರುತ್ತಿದ್ದ ಅಭಿಮಾನಿ ಮಹಿಳೆಯೊಬ್ಬಳು ಈ ಹುಡುಗನನ್ನು ಒಮ್ಮೆ ಕೇಳಬೇಕೆಂದು ಅವನ ಕೇಂದ್ರಕ್ಕೆ ಮತ್ತೆ ಮತ್ತೆ ಫೋನ್ ಮಾಡಿದಳು. ಸ್ಲೈ ಬಂದು ಕೇಳಿದ, ತಾನು ಕಟ್ಟುತ್ತಿದ್ದ ತಂಡಕ್ಕೆ ಕರೆದ. ಕರಿಯರು ಬಿಳಿಯರು, ಹೆಂಗಸರು ಗಂಡಸರು ಕೂಡಿ ನುಡಿಸಿದ ಆ ತಂಡವೇ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್. ಅಲ್ಲಿ ಗ್ರೆಗ್ ಎರಿಕೊ ಎಂಬ ಒಳ್ಳೆಯ ಡ್ರಮ್ಮರ್ ಇದ್ದ. ಹಾಗಿದ್ದೂ ಗ್ರಹಾಂ ತನ್ನ ಹೆಬ್ಬೆರಳಿಗೆ ವಿಶ್ರಾಂತಿ ಕೊಡಲಿಲ್ಲ. ಒಂದು ಕೊರತೆ ನೀಗಿಸಲು ಹುಟ್ಟಿದ ಉಪಾಯ ಶೈಲಿಯಾಗಿ ಮಾರ್ಪಟ್ಟದ್ದು ಇಲ್ಲಿಯೇ.

1968ರಲ್ಲಿ 'ಡ್ಯಾನ್ಸ್ ಟು ದ ಮ್ಯೂಸಿಕ್' ಗೆದ್ದಿತು. ಅದರಲ್ಲಿ ಗ್ರಹಾಂನ ಗಡಸು ಮಂದ್ರಕಂಠವೂ, ಸ್ವರವನ್ನು ಬೇಕೆಂದೇ ಒರಟಾಗಿಸುವ ಫಜ್ ಬೇಸೂ ಕೇಳಿಸುತ್ತವೆ. 1969ರ ಫೆಬ್ರವರಿಯಲ್ಲಿ 'ಎವ್ರಿಡೇ ಪೀಪಲ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ನಾಲ್ಕು ವಾರ ಅಲ್ಲೇ ಇತ್ತು. ಈ ಹಾಡಿನಲ್ಲಿ ಬೇಸ್ ಹಿಡಿದಿರುವುದು ಒಂದೇ ಸ್ವರ. ಹಾಡಿನ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಗ್ರಹಾಂನನ್ನು ಬರೀ ಸ್ಲ್ಯಾಪ್ ವಾದಕನೆಂದು ಹೊಗಳುವವರು ಈ ಸಂಯಮವನ್ನು ಮರೆಯುತ್ತಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ ತಂಡ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿತು. ವರ್ಷದ ಕೊನೆಗೆ ಹೊರಬಂದು 1970ರಲ್ಲಿ ಮೊದಲ ಸ್ಥಾನ ಪಡೆದ 'ಥ್ಯಾಂಕ್ ಯೂ' ಸ್ಲ್ಯಾಪ್ ಬೇಸನ್ನು ಮನೆಮನೆಗೆ ಮುಟ್ಟಿಸಿತು. ಇಲ್ಲಿ ಬೇಸ್ ಗಿಟಾರ್ ಹಿಂದೆ ನಿಲ್ಲುವುದಿಲ್ಲ. ಹಾಡನ್ನು ಎಳೆದೊಯ್ಯುವುದೇ ಅದು.

ಮಾದಕ ವಸ್ತು, ತಪ್ಪಿಹೋದ ಕಾರ್ಯಕ್ರಮಗಳು, ಒಳಜಗಳ ಸೇರಿ ತಂಡವನ್ನು ಕೆಡಿಸಿದವು. 1971ರ 'ದೇರ್ಸ್ ಎ ರಯಟ್ ಗೋಯಿಂಗ್ ಆನ್' ಆಲ್ಬಂನಲ್ಲಿ ಬೇಸಿನ ಬಹುಭಾಗವನ್ನು ಸ್ಲೈ ತಾನೇ ನುಡಿಸಿದ. 1972ರಲ್ಲಿ ಗ್ರಹಾಂ ಹೊರನಡೆದ. ಮರುವರ್ಷ ಗ್ರಹಾಂ ಸೆಂಟ್ರಲ್ ಸ್ಟೇಷನ್ ಎಂಬ ಸ್ವಂತ ತಂಡ ಕಟ್ಟಿದ. 1974ರಿಂದ 1979ರವರೆಗೆ ಅದರ ಆಲ್ಬಂಗಳು ಒಂದರ ಹಿಂದೊಂದು ಬಂದವು. 'ಹೇರ್' (1974), 'ದ ಜಾಮ್' (1975) ಹಾಡುಗಳನ್ನು ಬೇಸ್ ಕಲಿಯುವವರು ಇಂದಿಗೂ ಪಾಠದಂತೆ ಅಭ್ಯಾಸ ಮಾಡುತ್ತಾರೆ. ಕೊನೆಕೊನೆಯ ಆಲ್ಬಂಗಳಲ್ಲಿ ಆ ಕಸುವು ಇಲ್ಲ. 1980ರಲ್ಲಿ ಒಬ್ಬನೇ ಹಾಡಿದ 'ಒನ್ ಇನ್ ಎ ಮಿಲಿಯನ್ ಯೂ' ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಅದು ನಿಧಾನಗತಿಯ ಪ್ರೇಮಗೀತೆ. ಸ್ವಂತ ಹೆಸರಿನಲ್ಲಿ ಈತ ಕಂಡ ಅತಿ ದೊಡ್ಡ ಯಶಸ್ಸಿನಲ್ಲಿ ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ!

ಅಷ್ಟರಲ್ಲಿ ಶೈಲಿ ಅವನ ಕೈಮೀರಿ ಹರಡಿತ್ತು. ಬ್ರದರ್ಸ್ ಜಾನ್ಸನ್‌ನ ಲೂಯಿಸ್ ಜಾನ್ಸನ್ ಅದನ್ನು ಡಿಸ್ಕೊ ಯುಗಕ್ಕೆ ಒಯ್ದ. ಸ್ಟಾನ್ಲಿ ಕ್ಲಾರ್ಕ್, ಮಾರ್ಕಸ್ ಮಿಲ್ಲರ್ ಜಾಸ್‌ಗೆ ತಂದರು. ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ ರಾಕ್‌ಗೆ ಬೆರೆಸಿದ. ವಿಕ್ಟರ್ ವೂಟನ್ ಹೆಬ್ಬೆರಳನ್ನು ಕೆಳಕ್ಕೂ ಮೇಲಕ್ಕೂ ಆಡಿಸಿ ವೇಗ ಹೆಚ್ಚಿಸಿದ. ಜಾನೆಟ್ ಜಾಕ್ಸನ್‌ಳ 1989ರ 'ರಿದಮ್ ನೇಷನ್' ನಿಂತಿರುವುದೇ 'ಥ್ಯಾಂಕ್ ಯೂ' ಹಾಡಿನಿಂದ ಎತ್ತಿಕೊಂಡ ತುಣುಕಿನ ಮೇಲೆ. 1980ರ ದಶಕದ ಕೊನೆಗೆ ಸ್ಲ್ಯಾಪ್ ಬೇಸಿನ ಸದ್ದನ್ನು ಕೀಬೋರ್ಡಿನಲ್ಲೇ ಒತ್ತಿ ಪಡೆಯುವುದು ಸಾಮಾನ್ಯವಾಯಿತು, 'ಸೈನ್‌ಫೆಲ್ಡ್' ಟಿ.ವಿ. ಧಾರಾವಾಹಿಯ ಸಂಗೀತ ಹಾಗೆ ಮಾಡಿದ್ದು. ಹಿಂಬಾಲಿಸಿದವರಲ್ಲಿ ಹಲವರ ಕೈಯಲ್ಲಿ ಇದು ವೇಗದ ಕಸರತ್ತಾಯಿತು. ಗ್ರಹಾಂನಷ್ಟು ಕಡಿಮೆ ಸ್ವರಗಳಲ್ಲಿ ಅಷ್ಟು ಭಾರವಾದ ಲಯ ಹಿಡಿದವರು ಬಹಳಿಲ್ಲ.

1970ರ ದಶಕದ ಮಧ್ಯದಲ್ಲಿ ಗ್ರಹಾಂ ಯೆಹೋವನ ಸಾಕ್ಷಿಗಳ ಪಂಥ ಸೇರಿದ. 1990ರ ದಶಕದ ಕೊನೆಯಲ್ಲಿ, ಈತನ ಸಂಗೀತವನ್ನು ಬಾಲ್ಯದಿಂದ ಮೆಚ್ಚಿದ್ದ ಪಾಪ್ ಗಾಯಕ ಪ್ರಿನ್ಸ್‌ನ ಸ್ನೇಹವಾಗಿ, ಕುಟುಂಬದೊಂದಿಗೆ ಮಿನೆಸೋಟಕ್ಕೆ ಹೋಗಿ ನೆಲೆಸಿದ. ಇಬ್ಬರೂ ಕೂಡಿ ಅನೇಕ ಕಛೇರಿಗಳನ್ನು ನೀಡಿದರು. ಮುಂದೆ ಪ್ರಿನ್ಸ್ ಅದೇ ಪಂಥಕ್ಕೆ ಸೇರಿದ್ದು ಗ್ರಹಾಂನ ಪ್ರಭಾವದಿಂದ. ಫ್ಯಾಮಿಲಿ ಸ್ಟೋನ್ ತಂಡದ ಸದಸ್ಯನಾಗಿ 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಿತು. ಗ್ರಹಾಂ ಸೆಂಟ್ರಲ್ ಸ್ಟೇಷನ್ ಹೆಸರಿನಲ್ಲಿ 'ರೇಸ್ ಅಪ್' ಆಲ್ಬಂ 2012ರಲ್ಲಿ ಹೊರಬಂತು.