ಸ್ಮಶಾನದ ರಾತ್ರಿ ಏನನ್ನು ಸಾಬೀತು ಮಾಡುತ್ತದೆ?

2014ರ ಡಿಸೆಂಬರ್ 6, ಅಂಬೇಡ್ಕರ್ ಅವರ ಪರಿನಿರ್ವಾಣ ದಿನ. ಆಗ ರಾಜ್ಯದ ಸಚಿವರಾಗಿದ್ದ ಗೋಕಾಕದ ಸತೀಶ ಜಾರಕಿಹೊಳಿ ಆ ರಾತ್ರಿ ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಉಂಡು ಅಲ್ಲಿಯೇ ಮಲಗಿದರು. ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಅವರ ಮತಕ್ಷೇತ್ರ. ಮುಂದಿನ ವರ್ಷಗಳಲ್ಲಿ ಅವರ ಮಾನವ ಬಂಧುತ್ವ ವೇದಿಕೆ ಆ ದಿನ ಸ್ಮಶಾನದಲ್ಲಿ ಸೇರುವುದನ್ನು ಒಂದು ಪದ್ಧತಿಯನ್ನಾಗಿಯೇ ಬೆಳೆಸಿತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಅಮಾಸಿ ರಾತ್ರಿ ಸುಡುಗಾಡಿನ ದಾರಿ ತುಳಿಯಲು ಹಿಂಜರಿಯುವವರು ಇನ್ನೂ ಇದ್ದಾರೆ. ಜ್ವರ ಏರಿ ಬಡಬಡಿಸುವವನನ್ನು ಕಂಡು "ಗಾಳಿ ಆಗೇತಿ" ಎಂದು ತಾಯತ ಕಟ್ಟಿಸುವವರೂ ಇದ್ದಾರೆ. ಅಂಥ ಸೀಮೆಯಲ್ಲಿ, ಮತ ಕೇಳಿ ಬದುಕಬೇಕಾದ ರಾಜಕಾರಣಿ ಹೀಗೆ ಮಾಡಿದ್ದು ಸಣ್ಣ ಧೈರ್ಯವಲ್ಲ. ಆದರೆ ಧೈರ್ಯ ಬೇರೆ, ಪರೀಕ್ಷೆ ಬೇರೆ. ಆ ರಾತ್ರಿ ಭಯವನ್ನು ಎದುರಿಸಿತು. ದೆವ್ವದ ಪ್ರಶ್ನೆಯನ್ನು ಬಗೆಹರಿಸಲಿಲ್ಲ.

ಮುಂದೆ ನಡೆದದ್ದನ್ನೇ ನೋಡಿ. 2016ರ ಜೂನ್‌ನಲ್ಲಿ ಸಂಪುಟ ಪುನಾರಚನೆಯಾದಾಗ ಸತೀಶರ ಸಚಿವ ಸ್ಥಾನ ಹೋಯಿತು, ಅವರ ಅಣ್ಣ ರಮೇಶ ಸಚಿವರಾದರು. ಸ್ಮಶಾನದಲ್ಲಿ ಮಲಗಿದ್ದರ ಫಲ ಇದು ಎಂದು ನಂಬಿಕೆಯವರು ಹೇಳಬಹುದು. 2018ರಲ್ಲಿಯೂ 2023ರಲ್ಲಿಯೂ ಅವರು ಯಮಕನಮರಡಿಯಿಂದ ಗೆದ್ದರು, 2023ರಲ್ಲಿ ಲೋಕೋಪಯೋಗಿ ಸಚಿವರೂ ಆದರು. ಏನೂ ಕೆಡುಕಾಗಲಿಲ್ಲವಲ್ಲ ಎಂದು ವಿಚಾರವಾದಿಗಳು ಹೇಳಬಹುದು. ಎರಡೂ ಒಂದೇ ತಪ್ಪು. ಒಂದರ ಹಿಂದೆ ಇನ್ನೊಂದು ನಡೆಯಿತೆಂದು ಮೊದಲನೆಯದನ್ನೇ ಕಾರಣವೆನ್ನುವುದು ಮಾಟಗಾರನ ತರ್ಕ. ಅದನ್ನು ಅವನ ವಿರುದ್ಧ ಬಳಸಿದ ಮಾತ್ರಕ್ಕೆ ಅದು ವಿಜ್ಞಾನವಾಗುವುದಿಲ್ಲ. ಯಾವ ಫಲ ಬಂದರೆ ಯಾವ ಮಾತು ಸುಳ್ಳು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಆಮೇಲೆ ಏನು ನಡೆದರೂ ಎರಡೂ ಕಡೆಯವರು ಗೆದ್ದೆವೆಂದೇ ಹೇಳುತ್ತಾರೆ.

ಕರ್ನಾಟಕದಲ್ಲಿ ಈ ಗೊತ್ತುಮಾಡಿಕೊಳ್ಳುವ ಕೆಲಸಕ್ಕೆ ಕೈಹಾಕಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಸಮಿತಿಯ ಹೆಸರಿನಲ್ಲಿಯೇ 'ಪರೀಕ್ಷೆಗೆ ಸಿಗುವ' ಎಂಬ ಮಿತಿ ಇತ್ತು. ಆತ್ಮ ಇದೆಯೇ, ದೇವರು ಇದ್ದಾನೆಯೇ ಎಂಬುದು ಅವರ ಕೆಲಸವಾಗಿರಲಿಲ್ಲ. ಬರಿಗೈಯಿಂದ ವಿಭೂತಿ ಬರುತ್ತದೆಯೇ ಎಂಬುದು ಆಗಿತ್ತು. ಪಾಂಡವಪುರದಲ್ಲಿ ವಿಭೂತಿ ಉದುರಿಸುತ್ತಿದ್ದ ಬಾಲಕನನ್ನು ಸಮಿತಿ ಪರೀಕ್ಷಿಸಿದಾಗ ಬೂದಿ ಅವನ ಬಟ್ಟೆಯೊಳಗೇ ಅಡಗಿದ್ದುದು ಗೊತ್ತಾಯಿತು. ಬರಿಗೈಯಿಂದ ಉಂಗುರ ಸೃಷ್ಟಿಸುವರೆಂದು ಭಕ್ತರು ನಂಬಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪುವಂತೆ ಕೋರಿ ನರಸಿಂಹಯ್ಯ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಉಂಗುರವಲ್ಲ, ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲನ್ನು ಜನ ಚೇಷ್ಟೆಯೆಂದು ನೆನಪಿಟ್ಟುಕೊಂಡಿದ್ದಾರೆ. ನನಗೆ ಅದರಲ್ಲಿ ಪ್ರಯೋಗದ ಜಾಣ್ಮೆಯೇ ಹೆಚ್ಚು ಕಾಣುತ್ತದೆ. ಉಂಗುರವನ್ನು ತೋಳಿನೊಳಗೆ ಅಡಗಿಸಬಹುದು, ಕುಂಬಳಕಾಯಿಯನ್ನು ಆಗದು. ಕೈಚಳಕಕ್ಕೆ ಇರುವ ದಾರಿ ಹೀಗೆ ಒಂದೇ ಏಟಿಗೆ ಮುಚ್ಚುತ್ತದೆ. 1977ರಲ್ಲಿ ಸಮಿತಿ ವಿಸರ್ಜನೆಯಾಯಿತು.

ಆಗಲೇ ಎದ್ದ ಆಕ್ಷೇಪ ಇಂದಿಗೂ ಕೇಳಿಸುತ್ತದೆ: ಇಂದ್ರಿಯಕ್ಕೆ ಸಿಗುವುದಷ್ಟೇ ವಿಜ್ಞಾನದ ಪಾಲು, ಅಧ್ಯಾತ್ಮ ಅದರಾಚೆಗಿನದು. ಒಪ್ಪೋಣ. ಆದರೆ ವಿಭೂತಿ ಅಂಗೈಗೆ ಬಿದ್ದ ಕೂಡಲೇ, ಮಸಣಕ್ಕೆ ಹೋದವನಿಗೆ ಜ್ವರ ಬಂದಿತೆಂದ ಕೂಡಲೇ, ಮಾತು ಇಂದ್ರಿಯದ ಅಂಗಳಕ್ಕೆ ಇಳಿದಾಯಿತು. ಇನ್ನೊಂದು ಆಕ್ಷೇಪ, ನಂಬಿಕೆಯವರನ್ನೆಲ್ಲ ಮೋಸಗಾರರೆನ್ನುವುದು ಸರಿಯೇ ಎಂಬುದು. ಸರಿಯಲ್ಲ, ಅಗತ್ಯವೂ ಇಲ್ಲ. 1853ರಲ್ಲಿ ಇಂಗ್ಲೆಂಡಿನಲ್ಲಿ ಪ್ರೇತಗಳು ಮೇಜು ತಿರುಗಿಸುತ್ತವೆಂಬ ಹುಚ್ಚು ಹಬ್ಬಿದಾಗ ಮೈಕೆಲ್ ಫ್ಯಾರಡೆ ತಾನು ಪ್ರಾಮಾಣಿಕರೆಂದು ಬಲ್ಲವರನ್ನೇ ಕೂರಿಸಿ ಪರೀಕ್ಷಿಸಿದ. ಕೈ ಮತ್ತು ಮೇಜಿನ ನಡುವೆ ಸರಿಯುವ ಹಲಗೆಗಳನ್ನಿಟ್ಟು ಯಾವುದು ಮೊದಲು ಅಲುಗುತ್ತದೆಂದು ನೋಡಿದ. ಅಲುಗಿದ್ದು ಕೈ. ಕೂತವರಿಗೆ ಅದು ತಿಳಿದೇ ಇರಲಿಲ್ಲ. ಕೈಯ ಒತ್ತಡ ತೋರಿಸುವ ಕಡ್ಡಿ ಅವರ ಕಣ್ಣಿಗೇ ಬೀಳುವಂತಾದಾಗ ಮೇಜು ನಿಂತಿತು. ಮೈಮೇಲೆ ದೇವರು ಬರುವ ಹೆಂಗಸನ್ನು ನಾಟಕದವಳೆಂದು ಹೀಯಾಳಿಸುವವರು ಈ ಪ್ರಯೋಗವನ್ನು ಓದಬೇಕು.

ಸ್ಮಶಾನದ ಕಾರ್ಯಕ್ರಮದ ಬಗ್ಗೆ ಹಳ್ಳಿಯವರು ಎತ್ತುವ ತಕರಾರು ಮಾತ್ರ ನಿಜಕ್ಕೂ ಗಟ್ಟಿ. ಅಷ್ಟು ಜನ, ಅಷ್ಟು ದೀಪ, ಮೈಕು, ಪೊಲೀಸರು ಇದ್ದ ಕಡೆ ಯಾವ ದೆವ್ವ ಬಂದೀತು? ನಗುವ ಮಾತಲ್ಲ ಇದು. ಅವರ ನಂಬಿಕೆ ಒಬ್ಬಂಟಿಯ ಬಗ್ಗೆ, ಕತ್ತಲೆಯ ಬಗ್ಗೆ. ಪರೀಕ್ಷೆಗೆ ಒಡ್ಡಿದ್ದು ಬೇರೆಯದನ್ನು. ವಿಚಾರವಾದಿಗಳಿಗೆ ಪ್ರಿಯವಾದ ಮತ್ತೊಂದು ಮಾತೂ ಇದೆ: ಕರೆಂಟು ಬಂದ ಮೇಲೆ ದೆವ್ವ ಓಡಿಹೋದವು. ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು, ಹಾಗಾಗಿ ಈ ಮಾತಿಗೆ ಅದು ಒಳ್ಳೆಯ ಸೀಮೆ. ಆದರೆ ಕರೆಂಟಿನ ಕಾಲದಲ್ಲಿಯೇ ಶಾಲೆ, ರಸ್ತೆ, ದವಾಖಾನೆಗಳೂ ಹೆಚ್ಚಿದವು. ದೆವ್ವ ಓಡಿದ್ದು ಬಲ್ಬಿಗೋ ಗುಳಿಗೆಗೋ? ಬೇರೆ ಬೇರೆ ವರ್ಷ ಕರೆಂಟು ಪಡೆದ ಹಳ್ಳಿಗಳನ್ನು ಹೋಲಿಸದೆ ಹಾಗೆ ಹೇಳುವುದೂ ಒಂದು ನಂಬಿಕೆಯೇ.

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿದ್ದೀತು? ಮಸಣದಲ್ಲಿ ಮಲಗಿದವನಿಗೆ ಎಷ್ಟು ದಿನದೊಳಗೆ ಏನಾಗುತ್ತದೆ ಎಂಬುದನ್ನು ನಂಬುವವರ ಬಾಯಿಂದಲೇ ಮೊದಲು ಬರೆಸಿಕೊಳ್ಳಬೇಕು. ದೀಪ, ಜನಜಂಗುಳಿ ಇಲ್ಲದ ರಾತ್ರಿಯನ್ನು ಅವರೇ ಆರಿಸಲಿ. ಒಪ್ಪಿ ಬಂದ ಆರೋಗ್ಯವಂತರಲ್ಲಿ ಚೀಟಿ ಎತ್ತಿ ಅರ್ಧ ಜನ ಒಬ್ಬೊಬ್ಬರಾಗಿ ಅಲ್ಲಿ ಮಲಗಲಿ, ಉಳಿದರ್ಧ ಜನ ಮನೆಯಲ್ಲಿ ಮಲಗಲಿ. ಯಾರು ಎಲ್ಲಿ ಮಲಗಿದ್ದರೆಂದು ತಿಳಿಯದ ವೈದ್ಯರೊಬ್ಬರು ಮುಂದಿನ ತಿಂಗಳುಗಳಲ್ಲಿ ಎರಡೂ ಗುಂಪಿನ ಜ್ವರ, ಗಾಯ, ನಿದ್ದೆಗೇಡುಗಳನ್ನು ಎಣಿಸಲಿ. ಮಸಣದಲ್ಲಿ ಮಲಗಿದವರಲ್ಲಿ ನಿದ್ದೆಗೇಡು ಹೆಚ್ಚೆಂದು ಕಂಡರೂ ಆಶ್ಚರ್ಯವಿಲ್ಲ. ಭಯಕ್ಕೆ ಅಷ್ಟು ಶಕ್ತಿ ಇದೆ. ಆಗ ಕೆಡಿಸಿದ್ದು ಭಯವೋ ಜಾಗವೋ ಎಂದು ನೋಡಲು ಎರಡನೆಯ ಪ್ರಯೋಗ ಬೇಕಾಗುತ್ತದೆ, ಮಸಣವಲ್ಲದ ಜಾಗವೊಂದನ್ನು ಹಳೆಯ ಮಸಣವೆಂದು ಹೇಳಿ ಮಲಗಿಸಿ, ಆಮೇಲೆ ನಿಜ ತಿಳಿಸುವಂಥದು. ಲೆಕ್ಕ ಯಾರ ಕಡೆ ವಾಲಿದರೂ ಪ್ರಕಟಿಸುತ್ತೇವೆಂದು ವೇದಿಕೆಯವರೂ ಪೂಜಾರಿಗಳೂ ಮೊದಲೇ ಒಂದೇ ಕಾಗದಕ್ಕೆ ಸಹಿ ಹಾಕಬೇಕು.