ಮೋಟಾರ್ ಸೈಕಲ್‌ನಲ್ಲಿ ದೂರ ಪ್ರಯಾಣ: ಜೊತೆಗಿರಬೇಕಾದ ಸಲಕರಣೆಗಳು

ಘಟ್ಟ ಹಾಗೂ ಅರಣ್ಯ ಪ್ರದೇಶದ ರಸ್ತೆಗಳಲ್ಲಿ ದುರಸ್ತಿ ಅಂಗಡಿಗಳು ವಿರಳ. ಆದ್ದರಿಂದ ದೂರ ಪ್ರಯಾಣ ಕೈಗೊಳ್ಳುವ ಸವಾರರು ಈ ಕೆಳಕಂಡವುಗಳನ್ನು ಇಟ್ಟುಕೊಳ್ಳುವುದು ಸೂಕ್ತ.

1. ವಾಹನದ ನಟ್‌ಗಳ ಅಳತೆಗೆ ಹೊಂದುವ ಸ್ಪ್ಯಾನರ್‌ಗಳು, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟಾರ್ಚ್.
2. ಟ್ಯೂಬ್‌ಲೆಸ್ ಟೈರ್‌ಗೆ ಪಂಕ್ಚರ್ ಕಿಟ್. ಟ್ಯೂಬ್ ಇರುವ ಟೈರ್‌ಗೆ ಹೆಚ್ಚುವರಿ ಟ್ಯೂಬ್ ಮತ್ತು ಟೈರ್ ಲಿವರ್. ಎರಡಕ್ಕೂ ಗಾಳಿ ಪಂಪ್.
3. ಹೆಚ್ಚುವರಿ ಕ್ಲಚ್ ಕೇಬಲ್, ಚೈನ್ ಜೋಡಿಸುವ ಲಾಕ್, ಫ್ಯೂಸ್.

ಸೂಚನೆಗಳು:
ಅ) ಹೊರಡುವ ಮುನ್ನ ಪ್ರತಿಯೊಂದು ಸ್ಪ್ಯಾನರನ್ನೂ ಆಯಾ ನಟ್‌ಗೆ ಹೊಂದಿಸಿ ಪರೀಕ್ಷಿಸತಕ್ಕದ್ದು.
ಆ) ಸುಟ್ಟ ಫ್ಯೂಸ್‌ಗೆ ಬದಲಾಗಿ ತಂತಿ ಜೋಡಿಸಬಾರದು, ಬೆಂಕಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಅದೇ ಆಂಪಿಯರ್‌ನ ಫ್ಯೂಸನ್ನೇ ಬಳಸತಕ್ಕದ್ದು.
ಇ) ಸಲಕರಣೆಗಳನ್ನು ಬೆನ್ನಿನ ಚೀಲದಲ್ಲಿ ಇರಿಸಬಾರದು, ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಗಬಹುದು. ಅವುಗಳನ್ನು ವಾಹನಕ್ಕೆ ಭದ್ರವಾಗಿ ಕಟ್ಟತಕ್ಕದ್ದು.

ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗಾಗಿ 1033, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.