ಉತ್ತರ ಬಾರದ ಪತ್ರಗಳು

ಇತಿಹಾಸದ ಆಕರವೆಂದರೆ ಶಿಲಾಶಾಸನ, ಕಡತ, ತೀರ್ಪು ಎಂದು ನಾವು ಎಣಿಸುತ್ತೇವೆ. ಅಂಚೆಯವನು ಹಿಂದಕ್ಕೆ ತಂದ ಲಕೋಟೆಯೂ ಒಮ್ಮೊಮ್ಮೆ ಆಕರವಾಗುತ್ತದೆ. 1996ರಲ್ಲಿ ಬ್ರಿಟನ್ನಿನ ಬಂಜೆತನ ಚಿಕಿತ್ಸಾಲಯಗಳು ಬರೆದ ಪತ್ರಗಳನ್ನು ನಾನು ಆ ಸಾಲಿಗೆ ಸೇರಿಸುತ್ತೇನೆ.

ಮೊದಲ ಪ್ರನಾಳ ಶಿಶು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಈ ಚಿಕಿತ್ಸೆಯಲ್ಲಿ ಒಮ್ಮೆಗೇ ಹಲವು ಭ್ರೂಣಗಳು ದೊರೆಯಬಹುದು. ಎಲ್ಲವನ್ನೂ ಗರ್ಭದಲ್ಲಿರಿಸಿದರೆ ತಾಯಿಗೂ ಶಿಶುಗಳಿಗೂ ಅಪಾಯ. ಮಿಕ್ಕವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಘನೀಕರಿಸಿ ಕಾಯ್ದಿಡುವ ವಿದ್ಯೆ ಬಂತು. 1984ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಅಂಥ ಭ್ರೂಣದಿಂದ ಕೂಸೊಂದು ಹುಟ್ಟಿತು.

ಆ ಶೈತ್ಯದಲ್ಲಿ ಭ್ರೂಣದ ಪಾಲಿಗೆ ಕಾಲ ನಿಂತಿರುತ್ತದೆ. ಹೊರಗಿನ ಕಾಲ ನಿಲ್ಲುವುದೆ? ದಂಪತಿಗಳು ಮನೆ ಬದಲಿಸುತ್ತಾರೆ, ಮಕ್ಕಳಾಗಿ ನಿಶ್ಚಿಂತರಾಗುತ್ತಾರೆ, ಕೆಲವರು ಬೇರೆಯಾಗುತ್ತಾರೆ, ಕೆಲವರು ತೀರಿಹೋಗುತ್ತಾರೆ.

ಮೇರಿ ವಾರ್ನಾಕ್ ಅವರ ಸಮಿತಿ 1984ರಲ್ಲಿ ಹತ್ತು ವರ್ಷಗಳ ಮಿತಿಯನ್ನು ಸೂಚಿಸಿತ್ತು. 1990ರ ಶಾಸನ ಐದೇ ವರ್ಷವೆಂದಿತು. ಅದು 1991ರ ಆಗಸ್ಟ್ 1ರಂದು ಜಾರಿಗೆ ಬಂದುದರಿಂದ ಮೊದಲ ಗಡುವು 1996ರ ಜುಲೈ ಕೊನೆಗೆ ಬಿತ್ತು. ಅದೇ ವರ್ಷ ಅವಧಿಯನ್ನು ಹತ್ತು ವರ್ಷಕ್ಕೆ ಹಿಗ್ಗಿಸಲು ಅವಕಾಶವಾಯಿತಾದರೂ ಭ್ರೂಣಕ್ಕೆ ಕಾರಣರಾದ ಇಬ್ಬರ ಲಿಖಿತ ಒಪ್ಪಿಗೆಯೂ ಬೇಕಿತ್ತು. ಚಿಕಿತ್ಸಾಲಯಗಳು ಪತ್ರ ಬರೆದವು. ಅನೇಕರ ವಿಳಾಸ ಬದಲಾಗಿತ್ತು, ಅನೇಕರು ಉತ್ತರಿಸಲಿಲ್ಲ. ಕ್ಯಾಥೊಲಿಕ್ ಧರ್ಮಪೀಠ ಖಂಡಿಸಿತು. ಇಟಲಿಯಿಂದ ದತ್ತು ಪಡೆಯುವ ಕೋರಿಕೆ ಬಂತು. ಸರಕಾರ ಮಣಿಯಲಿಲ್ಲ. ಆಗಸ್ಟ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನು ನಾಶಪಡಿಸಲಾಯಿತು.

ಆ ಮೌನಕ್ಕೆ ಏನರ್ಥ? ‘ಬೇಡ’ ಎಂದೇ? ‘ಹೇಳಲಾರೆ’ ಎಂದೇ? ಅಥವಾ ಪತ್ರ ತಲುಪಲೇ ಇಲ್ಲವೆಂದೇ? ಶಾಸನಕ್ಕೆ ಮೂರೂ ಒಂದೇ. ಒಪ್ಪಿಗೆಯಿಲ್ಲದೆ ಒಬ್ಬರ ಭ್ರೂಣವನ್ನು ಇನ್ನೊಬ್ಬರಿಗೆ ಕೊಡದಿದ್ದುದು ನ್ಯಾಯವೇ ಎಂದು ನನ್ನ ಮತ. ಆದರೆ ಪತ್ರವೇ ತಲುಪದವಳ ಮೌನವನ್ನು ಅವಳ ನಿರ್ಧಾರವೆಂದು ಓದುವುದು ನ್ಯಾಯವೆನ್ನಲು ಮನಸ್ಸು ಒಪ್ಪದು. ಕಡೆಯ ತಿಂಗಳು ಬರೆದ ಪತ್ರ ಐದು ವರ್ಷ ಬಿಟ್ಟುಹೋದ ಸಂಪರ್ಕವನ್ನು ಕಟ್ಟಲಾರದು. ಮೊದಲ ದಿನವೇ ಮುಂದಿನ ಇಚ್ಛೆಯನ್ನು ಕೇಳಿ, ವರ್ಷಕ್ಕೊಮ್ಮೆಯಾದರೂ ವಿಚಾರಿಸಿದರೆ ಮೌನಕ್ಕೆ ಅಷ್ಟು ಎಡೆಯಿರದು.

2022ರ ಜುಲೈಯಿಂದ ಬ್ರಿಟನ್ನಿನಲ್ಲಿ ಈ ಮಿತಿ 55 ವರ್ಷಕ್ಕೇರಿದೆ. ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆಯನ್ನು ನವೀಕರಿಸಬೇಕು. ಅಂದರೆ ಪತ್ರದ ಹೊಣೆ ತಗ್ಗಿಲ್ಲ, ಹಿಗ್ಗಿದೆ. ನಮ್ಮ ದೇಶದ 2021ರ ಕಾಯಿದೆ ಹತ್ತು ವರ್ಷಗಳ ಮಿತಿಯಿಟ್ಟಿದೆ. ಅನಂತರ ಭ್ರೂಣ ನಶಿಸಬೇಕು, ಇಲ್ಲವೇ ಸಂಬಂಧಪಟ್ಟವರ ಒಪ್ಪಿಗೆಯಿಂದ ಸಂಶೋಧನೆಗೆ ಹೋಗಬೇಕು. ಆ ಒಪ್ಪಿಗೆ ಕೇಳುವ ಪತ್ರಗಳನ್ನು ಬೆಂಗಳೂರು, ಹುಬ್ಬಳ್ಳಿಗಳ ಚಿಕಿತ್ಸಾಲಯಗಳೂ ಬರೆಯಬೇಕಾಗುತ್ತದೆ. ಬಾಡಿಗೆ ಮನೆಗಳನ್ನು ಬದಲಿಸುತ್ತಲೇ ಇರುವ ನಮ್ಮ ಜನಕ್ಕೆ ಅವು ತಲುಪುವಂತೆ ಈಗಲೇ ಏರ್ಪಾಡು ಮಾಡುವುದು ಲೇಸು.